ಕೇಡಗಾಂವದ ಅಚ್ಚುಕೂಟ ಮತ್ತು ನಮ್ಮ ಬಾಲಮಂದಿರಗಳು

ಮಾನ್ಯ ಸಂಪಾದಕರೇ,

ಕ್ರೈಸ್ತ ಮಿಷನ್‌ಗಳು ನಡೆಸುವ ಹೆಣ್ಣುಮಕ್ಕಳ ಆಶ್ರಮಗಳ ಕುರಿತು ನಿಮ್ಮ ವಾಚಕರ ವಿಭಾಗದಲ್ಲಿ ಮೂರು ವಾರಗಳಿಂದ ವಾಗ್ವಾದ ನಡೆಯುತ್ತಿದೆ. ಇವೆಲ್ಲ ಅನ್ನದ ಆಸೆ ತೋರಿಸಿ ಮತಾಂತರ ಮಾಡುವ ತಾಣಗಳೆಂದು ಕೆಲವರು ಬರೆದರೆ, ಇವು ನಿಷ್ಕಳಂಕ ಸೇವೆಯಾದ್ದರಿಂದ ಯಾರೂ ಪ್ರಶ್ನಿಸಬಾರದೆಂದು ಇನ್ನು ಕೆಲವರು ಬರೆದಿದ್ದಾರೆ. ಎಲ್ಲ ಪತ್ರಗಳನ್ನೂ ಕತ್ತರಿಸಿ ಇಟ್ಟುಕೊಂಡು ಇನ್ನೊಮ್ಮೆ ಓದಿದೆ. ಆಶ್ರಮದ ಬಾಗಿಲು ದಾಟಿ ಒಳಗೆ ಬಂದ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾಳೆ, ಅಲ್ಲಿಂದ ಹೊರಟ ಮೇಲೆ ಯಾರ ಮನೆಯ ಅನ್ನ ಉಣ್ಣುತ್ತಾಳೆ ಎಂಬ ಮಾತು ಮಾತ್ರ ಒಂದು ಪತ್ರದಲ್ಲೂ ಇರಲಿಲ್ಲ.

ನಾನು ಕ್ರೈಸ್ತಳಲ್ಲ. ಕಾರ್ಕಳದ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಈ ಚರ್ಚೆಯಲ್ಲಿ ನಮ್ಮ ತಾಲ್ಲೂಕಿಗೇ ಸೇರಿದ ಮನೆತನದ ಒಬ್ಬ ಹೆಣ್ಣುಮಗಳ ಹೆಸರು ಒಮ್ಮೆಯೂ ಬಾರದಿದ್ದುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಕ್ರೈಸ್ತ ಮತ ಸೇರಿ, ವಿಧವೆಯರಿಗೂ ದಿಕ್ಕಿಲ್ಲದ ಹುಡುಗಿಯರಿಗೂ ಆಶ್ರಮ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಹುಟ್ಟೂರೆಂದು ಎಲ್ಲರೂ ಬಲ್ಲ ಆ ಜಾಗದಲ್ಲಿ ಇವರೂ ಹುಟ್ಟಿದರೆಂಬುದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅದೇ ಘಟ್ಟದ ದಾರಿಯಲ್ಲಿ ಮಕ್ಕಳನ್ನು ನಾಲ್ಕು ಸಲ ಪ್ರವಾಸಕ್ಕೆ ಕರೆದೊಯ್ದಿದ್ದೆ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ತಾಲ್ಲೂಕಿನ ಮಾಳದವರು. ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಪೇಶ್ವೆಯ ಅರಮನೆಯಲ್ಲಿ ಹೆಣ್ಣುಮಗಳೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ, ತನ್ನ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದಕ್ಕೆ ಶಾಸ್ತ್ರದ ತಡೆಯಿಲ್ಲವೆಂದು ಶಾಸ್ತ್ರದಿಂದಲೇ ತೋರಿಸಿಕೊಟ್ಟು ಬಂದರು. ಆಮೇಲೆ ಊರಿನ ಸಹವಾಸವೇ ಬೇಡವೆಂದು ಸಂಸಾರ ಸಮೇತ ಘಟ್ಟ ಹತ್ತಿದರು. ಅದೇ ಅನಂತಶಾಸ್ತ್ರಿಗಳು ನಲವತ್ತು ದಾಟಿದ ವಯಸ್ಸಿನಲ್ಲಿ ಗೋದಾವರಿ ತೀರದಲ್ಲಿ ಕೈಹಿಡಿದ ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಆಗ ಒಂಬತ್ತು ವರ್ಷ ಎಂಬುದನ್ನೂ ಹೇಳಬೇಕು, ಏಕೆಂದರೆ ರಮಾಬಾಯಿಯವರೇ ಅದನ್ನು ಮುಚ್ಚಿಡಲಿಲ್ಲ. ಆ ಹುಡುಗಿ ಕಾಡಿನ ಮನೆಯಲ್ಲಿ ಗಂಡನಿಂದ ಕಲಿತ ಸಂಸ್ಕೃತವನ್ನು ಮುಂದೆ ಮಗಳಿಗೆ ಕಲಿಸಿದಳು.

1870ರ ದಶಕದ ಬರ ಈ ಕುಟುಂಬವನ್ನು ನುಂಗಿತು. ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ಅಲೆಯುತ್ತಿದ್ದ ಮನೆಯಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿಗೆ ಬಲಿಯಾದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹುಡುಗಿಗೆ 'ಪಂಡಿತಾ' ಮತ್ತು 'ಸರಸ್ವತಿ' ಎಂಬ ಬಿರುದು ಕೊಟ್ಟರು. ಮುಂದೆ ಅಣ್ಣನೂ ತೀರಿಕೊಂಡು, ಜಾತಿ ಮೀರಿ ಕೈಹಿಡಿದ ಬಂಗಾಳಿ ವಕೀಲ ಗಂಡನೂ ಎರಡೇ ವರ್ಷದೊಳಗೆ ಹೋಗಿ, ಇಪ್ಪತ್ಮೂರಕ್ಕೆ ಮಡಿಲಲ್ಲಿ ಮಗು ಮನೋರಮೆಯೊಂದಿಗೆ ಅವರು ವಿಧವೆಯಾದರು. 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಶಿಕ್ಷಣದ ಸ್ಥಿತಿ ನೋಡಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಕೇಳಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದವರು ಅಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಮಿಷನ್‌ನವರು ಹೇಳಿದಂತೆ ಕುಣಿದ ಗೊಂಬೆ ಎಂದು ಅವರನ್ನು ಬಗೆದವರು ಆ ವರ್ಷಗಳ ಅವರ ಪತ್ರಗಳನ್ನು ನೋಡಬೇಕು. ಅಲ್ಲಿನ ಕ್ರೈಸ್ತ ಮಠದ ಸೋದರಿಯರು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಇದ್ದುದಕ್ಕೆ, ತನಗೂ ತನ್ನ ಜನಕ್ಕೂ ತಿಳಿಯದ ಭಾಷೆ ಏಕೆ, ಸಂಸ್ಕೃತ ಏಕಿರಬಾರದು ಎಂದು ತಕರಾರು ತೆಗೆದರು. ಮಾಂಸ ಮುಟ್ಟಲಿಲ್ಲ. ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಬಾರದೆಂದು ಬಿಷಪ್ಪರು ಅಡ್ಡ ಬಂದಾಗ, ಪಂಡಿತರ ಸಭೆಗಳಲ್ಲಿ ಗಂಡಸರ ನಡುವೆಯೇ ನಿಂತು ಮಾತಾಡಿ ಬೆಳೆದ ತನಗೆ ಈ ಮಡಿ ಎಲ್ಲಿಯದು ಎಂಬ ಧಾಟಿಯಲ್ಲಿ ಪ್ರತಿಭಟಿಸಿದರು. ಉಡುಪಿಯ ಸಭೆ ಎದುರಿಸಿದವರ ಮಗಳಲ್ಲವೇ.

ಬಳಿಕ ಅಮೆರಿಕದಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸರ, ಮುಖ್ಯವಾಗಿ ಬಾಲವಿಧವೆಯರ ಪಾಡನ್ನು ಪುಸ್ತಕವಾಗಿ ಬರೆದು, ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸಿದರು. 1889ರ ಮಾರ್ಚಿನಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಬಾಗಿಲು ತೆರೆಯಿತು. ತಲೆ ಬೋಳಿಸಿಕೊಂಡು ಹಿತ್ತಿಲ ಕೋಣೆಯಲ್ಲಿ ಕೂರಬೇಕಾಗಿದ್ದ ಹುಡುಗಿಯರು ಅಲ್ಲಿ ಓದು ಕಲಿತರು. ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿಯೇ ಮುಂದೆ ಮಹರ್ಷಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದವರು. ಸದನದಲ್ಲಿ ಯಾರ ಮತಕ್ಕೂ ಕೈ ಹಾಕುವುದಿಲ್ಲವೆಂಬ ಮಾತಿನ ಮೇಲೆ ರಾನಡೆ, ಭಂಡಾರ್ಕರರಂಥ ಸಮಾಜ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ, ಹುಡುಗಿಯರು ಬಂದು ಕೂತರೆ ಏಳಿಸುತ್ತಲೂ ಇರಲಿಲ್ಲ. ಇದು ಮಾತಿಗೆ ತಪ್ಪಿದಂತೆಯೇ ಎಂದು ತಿಲಕರ ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ಮಂಡಳಿಯವರು ರಾಜೀನಾಮೆ ಕೊಟ್ಟರು, ಹಲವು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ನನ್ನ ಮಟ್ಟಿಗೆ ಆ ಮಂಡಳಿಯವರ ದೂರಿನಲ್ಲಿ ಹುರುಳಿತ್ತು. ಹಾಗೆಯೇ, ಬಿಡಿಸಿಕೊಂಡು ಹೋದ ಹುಡುಗಿಯರಿಗೆಂದು ಇನ್ನೊಂದು ಶಾಲೆ ಅಂದೇ ಕಾದು ನಿಂತಿರಲಿಲ್ಲ ಎಂಬುದೂ ಅಷ್ಟೇ ನಿಜ. ಕರ್ವೆಯವರ ವಿಧವಾಶ್ರಮ ಎದ್ದದ್ದು 1896ರಲ್ಲಿ.

ಈ ಚರ್ಚೆಗೆ ನಿಜವಾಗಿ ಬೇಕಾದ ಅಧ್ಯಾಯ ಇದರ ನಂತರದ್ದು. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ತಾನು ಹಸಿದು ತಿರುಗಿದ ದಿನಗಳ ನೆನಪು ಹೊತ್ತು ರಮಾಬಾಯಿ ಆ ಕಡೆ ಹೊರಟರು. ಪರಿಹಾರ ಕಾಮಗಾರಿಯ ಶಿಬಿರಗಳಲ್ಲಿ, ಸರ್ಕಾರದ ಅನಾಥಾಲಯಗಳಲ್ಲಿ ಅವರು ಕಂಡದ್ದು ಹಸಿವೊಂದನ್ನೇ ಅಲ್ಲ. ದಿಕ್ಕಿಲ್ಲದ ಎಳೆಯ ಹುಡುಗಿಯರಿಗಾಗಿ ಗಂಡಸರೂ ಹೆಂಗಸರೂ ದಲ್ಲಾಳಿಗಳಾಗಿ ಅಲ್ಲೇ ಸುಳಿದಾಡುತ್ತಿದ್ದರು. ಹಿಡಿ ಕಾಳಿಗೆ ಮೈಯ ಬೆಲೆ ಕೇಳುವವರಲ್ಲಿ ಕಾವಲಿಗಿದ್ದವರೂ ಇದ್ದರು. ಇದನ್ನು ಅವರು ಬಚ್ಚಿಡದೆ ಬರೆದರು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪ್ಲೇಗಿನ ಕಟ್ಟಳೆಯಿಂದಾಗಿ ಅಷ್ಟು ಜನರನ್ನು, ಅಷ್ಟರಲ್ಲಿ ಸದನ ನೆಲೆಸಿದ್ದ ಪುಣೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲವಾದ್ದರಿಂದ, ಮೊದಲೇ ಹಣ್ಣಿನ ತೋಟಕ್ಕೆಂದು ಕೊಂಡಿದ್ದ, ಪುಣೆಯ ಕಡೆಯ ಕೇಡಗಾಂವದ ಬಯಲಿನಲ್ಲಿ ಗುಡಿಸಲು ಹಾಕಿಸಿದರು. ಮುಕ್ತಿ ಮಿಷನ್ ಹುಟ್ಟಿದ್ದು ಹೀಗೆ. ಗುಜರಾತಿನ ಬರದ ಹುಡುಗಿಯರೂ ಬಂದು ಸೇರಿ, 1900ರ ಹೊತ್ತಿಗೆ ಅಲ್ಲಿ ಒಂದೂವರೆ ಸಾವಿರ ಜನ, ನೂರಕ್ಕೂ ಹೆಚ್ಚು ದನ ಇದ್ದವು.

ಅಷ್ಟು ಬಾಯಿಗೆ ಅನ್ನ ಎಲ್ಲಿಂದ ಬಂತು? ದೇಣಿಗೆ ಬಂದದ್ದು ನಿಜ, ಆದರೆ ರಮಾಬಾಯಿ ಅದನ್ನೇ ನೆಚ್ಚಿ ಕೂರಲಿಲ್ಲ. ಹುಡುಗಿಯರು ಮಗ್ಗದ ಮುಂದೆ ಕೂತರು, ಎಣ್ಣೆ ಗಾಣ ನಡೆಸಿದರು, ಕೊಟ್ಟಿಗೆ ನೋಡಿಕೊಂಡರು, ಹೊಲ ಗೇಯ್ದರು, ಬಟ್ಟೆ ಒಗೆದು ಇಸ್ತ್ರಿ ಹಾಕಿದರು. ಅಂಧ ಹುಡುಗಿಯರು ಬ್ರೈಲ್ ಓದಲು, ಬುಟ್ಟಿ ಹೆಣೆಯಲು ಕಲಿತರು. ಲೈಂಗಿಕ ಶೋಷಣೆಗೆ ಸಿಕ್ಕವರಿಗೆಂದು ಕೃಪಾ ಸದನ ಎಂಬ ಬೇರೆ ಮನೆಯೇ ಇತ್ತು. 'ಕೆಟ್ಟವಳು' ಎಂದು ತವರೂ ಗಂಡನ ಮನೆಯೂ ಬಾಗಿಲು ಹಾಕಿಕೊಂಡ ಹೆಂಗಸರಿಗೆ ಆ ಕಾಲದಲ್ಲಿ ಅಂಥ ಇನ್ನೊಂದು ಮನೆ ಹುಡುಕುವುದು ಸುಲಭವಿರಲಿಲ್ಲ.

ನನ್ನನ್ನು ಬಹಳ ಹಿಡಿದು ನಿಲ್ಲಿಸುವುದು ಅಲ್ಲಿನ ಅಚ್ಚುಕೂಟ. ರಮಾಬಾಯಿ ನಡುವಯಸ್ಸು ದಾಟಿದ ಮೇಲೆ ಗ್ರೀಕ್, ಹೀಬ್ರೂ ಕಲಿತು, ಸಾಮಾನ್ಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ಅದಕ್ಕೆ ಅಚ್ಚುಮೊಳೆ ಜೋಡಿಸಿದವರು, ಯಂತ್ರ ತಿರುಗಿಸಿದವರು, ಹಾಳೆ ಮಡಚಿ ಹೊಲಿದವರು ಎಲ್ಲ ಆ ಹುಡುಗಿಯರೇ. ನಮ್ಮ ತಂದೆ ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಎಡಗೈಯಲ್ಲಿ ಪಟ್ಟಿ ಹಿಡಿದು, ಬಲಗೈಯಿಂದ ಖಾನೆಗಳೊಳಗಿನ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದುತ್ತ ಸಾಲು ಕಟ್ಟುವ ಆ ಕೆಲಸ ಕೈಗೆ ಹತ್ತಲು ಎಷ್ಟು ತಿಂಗಳು ಬೇಕೆಂದು ಬಲ್ಲೆ. ಪರಿಹಾರ ಶಿಬಿರದಲ್ಲಿ ಹಿಡಿ ಕಾಳಿಗೆ ಕೈಯೊಡ್ಡಿ ನಿಂತಿದ್ದ ಹುಡುಗಿ ಆ ಕಸುಬು ಕಲಿತಳೆಂದರೆ, ಅವಳನ್ನು ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದವರಿದ್ದರು ಎಂದರ್ಥ.

ಕರಾವಳಿಯವರಿಗೆ ಈ ಬಗೆ ಹೊಸದೇನಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೂ, ಅದಕ್ಕೆ ಮೊದಲೇ ನೇಯ್ಗೆ ತಂದದ್ದೂ, ಮತ ಬದಲಿಸಿ ಊರಿನ ಆಸರೆ ಕಳೆದುಕೊಂಡವರಿಗೆ ಕೂಲಿ ಹುಟ್ಟಿಸಲೆಂದೇ. ಹೆಂಚು ನಮ್ಮೆಲ್ಲರ ಮಾಡಿನ ಮೇಲೆ ಉಳಿಯಿತು. ರಮಾಬಾಯಿಯವರ ಕೆಲಸ ನಮ್ಮ ಕಡೆ ಮತ್ತೆ ತಲುಪಿದ್ದು ಮಗಳ ಮೂಲಕ. 1912ರ ಸುಮಾರಿಗೆ, ನಿಜಾಮರ ಆಳ್ವಿಕೆಯ ಗುಲ್ಬರ್ಗಾದಲ್ಲಿ ಮನೋರಮಾ ಶಾಲೆ ನಡೆಸಿದರು. ಮಗಳು 1921ರಲ್ಲಿ, ತಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಕಲಬುರಗಿಯಿಂದ ಪುಣೆಗೆ ರೈಲಿನಲ್ಲಿ ಹೋಗುವವರು ದೌಂಡ್ ದಾಟಿದ ಮೇಲೆ ಕೇಡಗಾಂವದ ಹಳದಿ ಫಲಕ ನೋಡಬಹುದು. ಮಿಷನ್ ಇಂದಿಗೂ ಅಲ್ಲಿದೆ.

ಮತಾಂತರದ ಪ್ರಶ್ನೆಯನ್ನು ನಾನು ಜಾರಿಸುತ್ತಿಲ್ಲ. ತಟಸ್ಥವೆಂದು ಹೇಳಿಕೊಂಡಿದ್ದ ಶಾರದಾ ಸದನದ ಹಾಗಲ್ಲ ಮುಕ್ತಿ ಮಿಷನ್. ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ, ಅಲ್ಲಿಗೆ ಬಂದ ಬಹುಪಾಲು ಹುಡುಗಿಯರು ಕ್ರೈಸ್ತರಾದರು. ಹಸಿದು ಬಂದವಳ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಕೇಳುವುದು ನ್ಯಾಯವೇ. ಆದರೆ ಅದೇ ಪ್ರಶ್ನೆಯನ್ನು ಆ ಹುಡುಗಿಯ ಮುಂದಿದ್ದ ಉಳಿದ ಬಾಗಿಲುಗಳಿಗೂ ಕೇಳಬೇಕಾಗುತ್ತದೆ: ದಲ್ಲಾಳಿಯೊಡನೆ ಹೋಗುವುದಕ್ಕೆ, ಒಂಬತ್ತಕ್ಕೆ ಮದುವೆಗೆ, ಹನ್ನೊಂದಕ್ಕೆ ತಲೆ ಬೋಳಿಸಿಕೊಳ್ಳುವುದಕ್ಕೆ ಅವಳ ಒಪ್ಪಿಗೆ ಪಡೆದವರು ಯಾರು? ಇನ್ನು, ಬಿಳಿಯರ ಮತ ಸೇರಿದವರು ಬಿಳಿಯರ ಸರ್ಕಾರಕ್ಕೆ ಬಾಲ ಅಲ್ಲಾಡಿಸಿದರೆನ್ನುವ ಮಾತಿಗೆ 1897ರ ಪ್ರಸಂಗವೊಂದೇ ಸಾಕು. ಪ್ಲೇಗಿನ ನೆಪದಲ್ಲಿ ಸರ್ಕಾರದವರು ಕರೆದೊಯ್ದ ತಮ್ಮ ಹುಡುಗಿಯೊಬ್ಬಳು ಕಾಣೆಯಾದಾಗ, ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿ ಪತ್ರಿಕೆಗೆ ಬರೆದರು. ಮುಂಬಯಿ ಗವರ್ನರು ಅಲ್ಲಗಳೆದರು, ವಿಷಯ ಲಂಡನ್ನಿನವರೆಗೂ ಹೋಯಿತು. ಅದೂ ಸಂಪಾದಕರಿಗೆ ಬರೆದ ಪತ್ರವೇ ಆಗಿತ್ತು ಎಂಬುದು ಇದನ್ನು ಬರೆಯುವಾಗ ನನಗೆ ಸಣ್ಣ ಧೈರ್ಯ ಕೊಡುತ್ತದೆ.

ಇಷ್ಟೆಲ್ಲ ಹೇಳಲು ಕಾರಣ ನನ್ನ ಒಬ್ಬ ವಿದ್ಯಾರ್ಥಿನಿ. ಬಾಲಮಂದಿರವೊಂದರಿಂದ ಶಾಲೆಗೆ ಬರುತ್ತಿದ್ದಳು. ಅದು ಮಿಷನ್ನಿನದಲ್ಲ, ಯಾವ ಊರಿನದೆಂಬುದು ಇಲ್ಲಿ ಬೇಡ. ಹದಿನೆಂಟು ತುಂಬಿದ ವಾರದಲ್ಲಿ ಒಂದು ತಗಡಿನ ಟ್ರಂಕು, ವರ್ಗಾವಣೆ ಪ್ರಮಾಣಪತ್ರ, ಆರು ವಾರದ ಹೊಲಿಗೆ ತರಬೇತಿ ಮುಗಿಸಿದ ಕಾಗದ ಇಷ್ಟನ್ನು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವಳು ನನ್ನ ಕಣ್ಣಿಗೆ ಬಿದ್ದಳು. ಹೊಲಿಗೆ ಯಂತ್ರ ಕೊಡಲಿಲ್ಲವೇ ಎಂದೆ. "ತರಬೇತಿಗೆ ಹನ್ನೆರಡು ಮಂದಿಗೆ ಎರಡೇ ಮೆಷಿನ್ ಇದ್ದದ್ದು ಟೀಚರ್, ನನಗೆ ಇನ್ನೂ ಕಾಜಾ ಹಾಕ್ಲಿಕ್ಕೆ ಸರಿಯಾಗಿ ಬರುದಿಲ್ಲ" ಎಂದಳು. ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇನೆಂದ ದೂರದ ಸಂಬಂಧಿಯೊಬ್ಬಳಿಗಾಗಿ ಕಾಯುತ್ತಿದ್ದಳು. ಆ ದಿನ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಎಂಟು ತಿಂಗಳು ಇದ್ದು, ಪಕ್ಕದ ಟೈಲರ್ ಅಂಗಡಿಯಲ್ಲಿ ಕಾಜಾ, ಕಾಲರು ಎಲ್ಲ ಕಲಿತು ಹೋದಳು. ಅಂದು ನಾನು ಹಿಂದಿನ ಬಸ್ಸಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಕಾನೂನಿನಲ್ಲಿ ಕೊರತೆಯಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಂತೆ ಸರ್ಕಾರದ್ದಾಗಲಿ, ಮಿಷನ್ನಿನದ್ದಾಗಲಿ, ಮಠದ್ದಾಗಲಿ ಪ್ರತಿಯೊಂದು ಮಕ್ಕಳ ಆಶ್ರಮವೂ ನೋಂದಣಿಯಾಗಬೇಕು. 46ನೇ ಕಲಮಿನಂತೆ ಹದಿನೆಂಟು ತುಂಬಿ ಹೊರಡುವವರಿಗೆ ಸಮಾಜದಲ್ಲಿ ನೆಲೆಗೊಳ್ಳಲು ಹಣದ ನೆರವು ಕೊಡಲು ಅವಕಾಶವಿದೆ, ಇಪ್ಪತ್ತೊಂದರವರೆಗೆ ಪಾಲನೆಯ ಏರ್ಪಾಡಿಗೂ ಕಾಯ್ದೆಯಲ್ಲಿ ಜಾಗವಿದೆ. ಆದುದರಿಂದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಜಿಲ್ಲೆಯ ಪ್ರತಿಯೊಂದು ಆಶ್ರಮದ ಬಗ್ಗೆ, ಅದನ್ನು ಯಾವ ಮತದವರೇ ನಡೆಸಲಿ, ಎರಡು ಸಂಗತಿಗಳನ್ನು ಹೆಸರುಗಳಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಲಿ: ಹೊರಟವರಲ್ಲಿ ಎಷ್ಟು ಮಂದಿ ಯಾವ ಕಸುಬನ್ನು ಎಷ್ಟು ತಿಂಗಳು ಕಲಿತಿದ್ದರು, ಒಂದು ವರ್ಷ ಕಳೆದ ಮೇಲೆ ಅವರಲ್ಲಿ ಎಷ್ಟು ಮಂದಿ ಆ ದುಡಿಮೆಯಲ್ಲೇ ಇದ್ದಾರೆ. ಮಿಷನ್‌ಗಳ ಪರವಾಗಿ ಬರೆಯುವ ವಾಚಕರೂ ವಿರೋಧಿಸಿ ಬರೆಯುವ ವಾಚಕರೂ ಮುಂದಿನ ಪತ್ರಕ್ಕೆ ಮೊದಲು ತಮ್ಮ ಊರಿನ ಆಶ್ರಮಕ್ಕೆ ಹೋಗಿ, ಅಲ್ಲಿ ಎಷ್ಟು ಹೊಲಿಗೆ ಯಂತ್ರ ನಡೆಯುವ ಸ್ಥಿತಿಯಲ್ಲಿವೆ ಎಂದು ಎಣಿಸಿಕೊಂಡು ಬರಲಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕಾರ್ಕಳ