ಬೃಹತ್ ಮೈಸೂರಿಗೂ ಮೊದಲು ನೀರು, ಒಳಚರಂಡಿ ಕೊಡಿ

ಸಂಪಾದಕರಿಗೆ ನಮಸ್ಕಾರ,

ಮೈಸೂರಿನಲ್ಲಿ ಈಗ ಎಲ್ಲಿ ಕೂತರೂ ಅದೇ ಮಾತು. ಸುತ್ತಲಿನ ಊರುಗಳನ್ನು ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಆಗುತ್ತದಂತೆ, ಪೆರಿಫೆರಲ್ ರಿಂಗ್ ರೋಡ್ ಬರುತ್ತದಂತೆ, ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಉದ್ದವಾಗುತ್ತದಂತೆ, ಹಿಮ್ಮಾವಿಗೆ ಚಿತ್ರನಗರಿ ಬರುತ್ತದಂತೆ. ಒಂದೊಂದು ಸುದ್ದಿ ಬಂದಾಗಲೂ ಸೈಟಿನ ಬೆಲೆ ಏರುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆ ಆದ ಮೇಲಂತೂ ಊರಿನ ಸುತ್ತ ಗದ್ದೆ, ತೋಟ ಅಂತ ಉಳಿದಿರುವುದೇ ಕಡಿಮೆ. ಎಲ್ಲಿ ನೋಡಿದರೂ ಕಾಂಪೌಂಡು, ಕಮಾನು, ಬಡಾವಣೆಯ ಬೋರ್ಡು.

ಊರು ಬೆಳೆಯಬಾರದು ಎಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಇಲ್ಲೇ ಕೆಲಸ ಸಿಗಲಿ, ಎಲ್ಲರೂ ಬೆಂಗಳೂರಿಗೇ ಓಡುವುದು ತಪ್ಪಲಿ ಎಂಬ ಆಸೆ ನನಗೂ ಇದೆ. ನಾನು ಕೇಳುವುದು ಇಷ್ಟೇ: ಪಾಲಿಕೆಯ ಗಡಿಯನ್ನು ಹಿಗ್ಗಿಸುವ ಮೊದಲು, ಈಗಾಗಲೇ ರಿಂಗ್ ರೋಡ್ ಆಚೆ ಮನೆ ಕಟ್ಟಿಕೊಂಡು ಕೂತಿರುವ ಜನರಿಗೆ ಕುಡಿಯುವ ನೀರು ಮತ್ತು ಒಳಚರಂಡಿ ಕೊಡಿ. ಗಡಿ ಆಮೇಲೆ.

ನಾನಿರುವುದು ಅಂಥ ಒಂದು ಬಡಾವಣೆಯಲ್ಲಿ. ಅನುಮೋದನೆ ಇದೆ, ದಾಖಲೆ ಸರಿಯಾಗಿದೆ, ಕಂದಾಯ ಕಟ್ಟುತ್ತೇವೆ. ಸೈಟ್ ಮಾರುವಾಗ ಕಾವೇರಿ ನೀರು ಬಂದೇ ಬರುತ್ತದೆ ಎಂದಿದ್ದರು. ಇವತ್ತಿಗೂ ಬೋರ್‌ವೆಲ್ ನೀರೇ ಗತಿ. ಬೇಸಿಗೆಯಲ್ಲಿ ಅದೂ ಸಾಲದೆ ಟ್ಯಾಂಕರ್ ತರಿಸುತ್ತೇವೆ. ರಸ್ತೆಯ ಕೆಳಗೆ ಯುಜಿಡಿ (ಒಳಚರಂಡಿ) ಪೈಪು ಹಾಕಿದ್ದಾರೆ, ಮ್ಯಾನ್‌ಹೋಲ್ ಮುಚ್ಚಳಗಳೂ ಇವೆ. ಆದರೆ ಆ ಪೈಪು ಬಡಾವಣೆಯ ಕೊನೆಯವರೆಗೆ ಹೋಗಿ ಒಂದು ಹಳ್ಳದ ಬಾಯಲ್ಲಿ ನಿಂತುಬಿಟ್ಟಿದೆ. ಇದನ್ನು ಕೇಳಲು ಹೋದರೆ ಒಂದು ಕಚೇರಿಯವರು "ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ" ಎನ್ನುತ್ತಾರೆ. ಇನ್ನೊಂದು ಕಚೇರಿಯವರು "ಕೆಲಸ ಮುಗಿಸಿಕೊಡದೆ ನಾವು ಹೇಗೆ ವಹಿಸಿಕೊಳ್ಳೋದು?" ಎನ್ನುತ್ತಾರೆ. ಎರಡೂ ಮಾತು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಗಲೀಜು ನೀರು ಮಾತ್ರ ಹಸ್ತಾಂತರಕ್ಕೆ ಕಾಯುವುದಿಲ್ಲ, ಅಲ್ವಾ?

ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರು ಇರುವುದು ಎತ್ತರದಲ್ಲಿ. ಉತ್ತರಕ್ಕೆ ಇಳಿಯುವ ನೀರು ಕೆಸರೆ ಕಡೆಯಿಂದ ಕಾವೇರಿಗೆ, ದಕ್ಷಿಣಕ್ಕೆ ಇಳಿಯುವ ನೀರು ಕಪಿಲೆಯ (ಕಬಿನಿಯ) ಕಡೆಗೆ. ನಗರದ ಒಳಚರಂಡಿಯನ್ನು ಈ ಇಳಿಜಾರು ನೋಡಿಕೊಂಡೇ ಮಾಡಿದ್ದಾರೆ. ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ, ಈ 3 ಕಡೆ ಕೊಳಚೆ ನೀರು ಶುದ್ಧೀಕರಣ ಘಟಕಗಳಿರುವುದು ಅದಕ್ಕೇ. ಮೂರೂ ಸೇರಿ ದಿನಕ್ಕೆ ಸುಮಾರು 157 ದಶಲಕ್ಷ ಲೀಟರ್ ಶುದ್ಧ ಮಾಡುವ ಲೆಕ್ಕದಲ್ಲಿ ಕಟ್ಟಿದ್ದು. ಹಳೆಯ ನಗರಕ್ಕೆ ಈ ಲೆಕ್ಕ ಹೊಂದುತ್ತಿತ್ತು. ಈಗ ಬಡಾವಣೆಗಳು ದಿಬ್ಬ ದಾಟಿ ಇನ್ನೊಂದು ಮಗ್ಗುಲಿಗೆ ಇಳಿದಿವೆ. ಅಲ್ಲಿಂದ ನೀರು ತಾನಾಗಿಯೇ ಈ ಘಟಕಗಳಿಗೆ ಬರುವುದಿಲ್ಲ. ಒಂದು ಕಡೆ ಸೇರಿಸಿ, ಪಂಪ್ ಇಟ್ಟು ಮೇಲಕ್ಕೆ ಎತ್ತಬೇಕು. ಇಲ್ಲವೇ ಅಲ್ಲೇ ಹೊಸ ಘಟಕ ಕಟ್ಟಬೇಕು. ಎರಡಕ್ಕೂ ಜಾಗ ಬೇಕು, ಕರೆಂಟು ಬೇಕು, ನೋಡಿಕೊಳ್ಳುವ ಜನ ಬೇಕು. ಇದ್ಯಾವುದೂ ಇಲ್ಲದೆ ಸೈಟ್ ಮಾರಿ ಮನೆ ಕಟ್ಟಿಸಿದರೆ ನೀರು ತನಗೆ ಗೊತ್ತಿರುವ ದಾರಿ ಹಿಡಿಯುತ್ತದೆ. ರಾಜಕಾಲುವೆಗೆ ಇಳಿಯುತ್ತದೆ, ಅಲ್ಲಿಂದ ಕೆರೆಗೆ.

ಲಿಂಗಾಂಬುಧಿ ಕೆರೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಅದು. ಒಂದು ಕಾಲಕ್ಕೆ ಊರ ಹೊರಗಿತ್ತು. ಈಗ ಸುತ್ತಲೂ ಮನೆ. ಅಲ್ಲಿಗೆ ಕೊಳಚೆ ನೀರು ಸೇರುತ್ತಿದೆ ಎಂಬ ದೂರು ಎಷ್ಟು ವರ್ಷದಿಂದ ಇದೆ! ಕುಕ್ಕರಹಳ್ಳಿ ಕೆರೆಯ ಕಥೆ ಬೇರೆ ರೀತಿ. ಕೆರೆ ಉಳಿದುಕೊಂಡಿತು. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಗೆ ಸಿಕ್ಕಿ ಅಲ್ಲಲ್ಲಿ ಕಾಣದಂತಾಯಿತು. ನಗರದ ನಡುವಿನ ಕೆರೆಗಳಿಗೆ ಬೇಲಿ ಇದೆ, ವಾಕಿಂಗ್ ಪಾತ್ ಇದೆ, ಬೆಳಗ್ಗೆ ನಡೆಯಲು ಬರುವ ನೂರಾರು ಜನ ಇದ್ದಾರೆ. ಏನಾದರೂ ಆದರೆ ಅವರು ಕೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದಾಗ ಮೈಸೂರಿನ ಜನ ಬೀದಿಗೆ ಬಂದರು. ನನಗೆ ಹೆಮ್ಮೆ ಅನಿಸಿತು. ರಿಂಗ್ ರೋಡ್ ಆಚೆ ಇರುವ ಹಳ್ಳಿಗಳ ಸಣ್ಣ ಕೆರೆಗಳಿಗೆ ಆ ಭಾಗ್ಯ ಇಲ್ಲ. ದನ ಮೈತೊಳೆಯುತ್ತಿದ್ದ ಕೆರೆಯಲ್ಲಿ ಈಗ ನೊರೆ ಬರುತ್ತಿದೆ. ಕೇಳುವವರು ಆ ಊರಿನ ನಾಲ್ಕು ಜನ ರೈತರು ಮಾತ್ರ.

ನಮ್ಮ ಊರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ, 1903ರಲ್ಲೇ, ಇಲ್ಲಿ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಆಯಿತು. ದೇಶದಲ್ಲೇ ಮೊದಮೊದಲಿನ ಅಂಥ ಸಂಸ್ಥೆಗಳಲ್ಲಿ ಅದೂ ಒಂದು. ಹಳೆಯ ಬಡಾವಣೆಗಳಲ್ಲಿ ಇವತ್ತಿಗೂ ಮನೆಗಳ ಹಿಂದೆ ಕೊಳೆ ಸಾಗಿಸಲೆಂದೇ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಿವೆ. ಮನೆ ಬರುವ ಮೊದಲೇ ಕೊಳೆ ಹೊರಗೆ ಹೋಗುವ ದಾರಿಯನ್ನು ಯೋಚಿಸಿದ್ದರು. ಸ್ವಚ್ಛ ನಗರ ಎಂದು ಮೈಸೂರು 2015 ಮತ್ತು 2016ರಲ್ಲಿ ದೇಶಕ್ಕೇ ಮೊದಲು ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಅದಕ್ಕೆ ಅಡಿಪಾಯ ಹಾಕಿದ್ದು ಆ ಕಾಲದ ಯೋಚನೆ. ಅದನ್ನು ರಿಂಗ್ ರೋಡ್ ದಾಟಿಸಲು ನಮ್ಮ ಕಾಲದವರಿಗೆ ಆಗಲಿಲ್ಲ.

2020ರಲ್ಲಿ ಹೂಟಗಳ್ಳಿಯನ್ನು ನಗರಸಭೆ ಮಾಡಿದರು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಈಗ ಇವೆಲ್ಲವನ್ನೂ, ಜೊತೆಗೆ ಇನ್ನಷ್ಟು ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿ ದೊಡ್ಡ ಪಾಲಿಕೆ ಮಾಡುವ ಮಾತು. ಬೋರ್ಡ್ ಬದಲಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಹಳ್ಳಿ ಪಟ್ಟಣ ಪಂಚಾಯಿತಿ ಆದಾಗ ಅಲ್ಲಿನ ಕೂಲಿಯವರಿಗೆ ನರೇಗಾ ಕೆಲಸ ತಪ್ಪಿತು, ಯಾಕೆಂದರೆ ಆ ಯೋಜನೆ ಇದ್ದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಪೇಟೆಯ ತೆರಿಗೆ ಬಂತು, ಪೇಟೆಯ ಸೌಲಭ್ಯ ಬರಲಿಲ್ಲ ಎಂದು ಅವರು ಹೇಳಿದರೆ ತಪ್ಪೇನು?

ಸುಮ್ನೆ ಹೆದರಿಸಲು ಇದನ್ನೆಲ್ಲ ಹೇಳುತ್ತಿಲ್ಲ. ಬೆಂಗಳೂರು ಕಣ್ಣ ಮುಂದೆಯೇ ಇದೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. 17 ವರ್ಷ! ಆಗ ಹುಟ್ಟಿದ ಮಗು ಕಾಲೇಜು ಮೆಟ್ಟಿಲು ಹತ್ತುವಷ್ಟು ಕಾಲ ಅಲ್ಲಿನ ಜನ ಟ್ಯಾಂಕರ್ ನೀರಿಗೆ ದುಡ್ಡು ಸುರಿದರು. ಬೆಂಗಳೂರಿಗಾದರೂ ಹಣ ಇತ್ತು, ಒತ್ತಡ ಹಾಕುವ ಜನ ಇದ್ದರು. ನಮ್ಮ ಕಥೆ ಏನು?

ಮೈಸೂರಿಗೆ ನೀರಿನ ದಾರಿ ಇಲ್ಲವೆಂದಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ ಬರುತ್ತದೆ. ಬಿದರಗೋಡಿನಿಂದ ಕಬಿನಿ ಬರುತ್ತದೆ. ಹಳೇ ಉಂಡುವಾಡಿ ಯೋಜನೆಯ ಹೆಸರು ಕೇಳಿ ಕೇಳಿ ವರ್ಷಗಳೇ ಆದವು. ಕೆಆರ್‌ಎಸ್ ಹಿನ್ನೀರಿನಿಂದ ನೀರೆತ್ತಿ ನಗರಕ್ಕೂ ಸುತ್ತಲಿನ ಹಳ್ಳಿಗಳಿಗೂ ಕೊಡುವ ಯೋಜನೆ ಅದು. ಫ್ಲೈಓವರ್, ರಿಂಗ್ ರೋಡ್ ಎಂದಾಗ ಬರುವ ಉತ್ಸಾಹದ ಕಾಲು ಭಾಗ ಇದಕ್ಕೆ ಬಂದರೆ ಸಾಕು. ಪೈಪು ನೆಲದಡಿ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಏನೋ, ಅದರ ಬಗ್ಗೆ ಭಾಷಣ ಕಡಿಮೆ.

ಹಾಗಾದರೆ ಏನು ಮಾಡಬೇಕು? ಕೆಲಸ ಮುಗಿದಷ್ಟೂ ಹಂತ ಹಂತವಾಗಿ ಸೈಟ್ ಬಿಡುಗಡೆ ಮಾಡುವ ಪದ್ಧತಿ ಈಗಲೂ ಇದೆ. ಅದನ್ನೇ ಬಿಗಿ ಮಾಡಿದರೆ ಸಾಕು. ಬಡಾವಣೆಯೊಳಗೆ ಪೈಪು ಹೂತಿಟ್ಟಿದ್ದನ್ನು ಯುಜಿಡಿ ಮುಗಿಯಿತು ಎಂದು ಲೆಕ್ಕ ಹಿಡಿಯಬೇಡಿ. ಆ ಪೈಪಿನ ನೀರು ನಡೆಯುತ್ತಿರುವ ಒಂದು ಶುದ್ಧೀಕರಣ ಘಟಕ ತಲುಪಿದ ಮೇಲಷ್ಟೇ ಕೊನೆಯ ಸೈಟ್‌ಗಳನ್ನು ಬಿಡಿ. ಲೇಔಟ್ ಮಾಡುವವರಿಗೆ ಇದು ಕಷ್ಟವಾಗುತ್ತದೆ, ಒಪ್ಪುತ್ತೇನೆ. ಒಬ್ಬೊಬ್ಬರೇ ಘಟಕ ಕಟ್ಟಲು ಆಗುವುದಿಲ್ಲ. ಒಂದೇ ಇಳಿಜಾರಿನ ನಾಲ್ಕೈದು ಬಡಾವಣೆಗಳನ್ನು ಸೇರಿಸಿ, ಅವುಗಳಿಂದ ಬಂದ ಅಭಿವೃದ್ಧಿ ಶುಲ್ಕವನ್ನು ಅಲ್ಲೇ ಖರ್ಚು ಮಾಡಿದರೆ ಆಗುತ್ತದೆ. ಮೂಲೆ ಸೈಟ್ ಹರಾಜಿನಿಂದಲೂ ಅಭಿವೃದ್ಧಿ ಪ್ರಾಧಿಕಾರಕ್ಕೆ ದುಡ್ಡು ಬರುತ್ತದೆ. ಅದರಲ್ಲಿ ಮೊದಲ ಪಾಲು ನೆಲದಡಿಯ ಕೆಲಸಕ್ಕೆ ಹೋಗಲಿ. ರಾಜಕಾಲುವೆಗಳನ್ನು ಅಳೆದು ಕಲ್ಲು ನೆಡುವ ಕೆಲಸ ಗಡಿ ಹಿಗ್ಗುವ ಮೊದಲೇ ಮುಗಿಯಬೇಕು. ನಂತರ ಒಂದೊಂದು ಕಲ್ಲಿಗೂ ಒಂದೊಂದು ಕೋರ್ಟ್ ಕೇಸು ಹುಟ್ಟಿಕೊಳ್ಳುತ್ತದೆ.

ಇನ್ನೊಂದು ವಿಷಯ. ಮೈಸೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅಧಿಕಾರಿಗಳ ಆಡಳಿತ. ಅಧಿಕಾರಿಗಳಲ್ಲಿ ಒಳ್ಳೆಯವರು ಇದ್ದಾರೆ, ಆದರೆ ಅವರಿಗೆ ವರ್ಗಾವಣೆ ಇದೆ. ಇಷ್ಟು ದೊಡ್ಡ ತೀರ್ಮಾನ ಆಗುವಾಗ ವಾರ್ಡಿನ ಜನ ಮನೆ ಬಾಗಿಲು ತಟ್ಟಿ ಕೇಳಬಹುದಾದ ಒಬ್ಬ ಸದಸ್ಯ ಇರಬೇಕಲ್ಲವೇ? 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 8.9 ಲಕ್ಷ. ಆಮೇಲೆ ಬಂದ ಎಷ್ಟೋ ಜನ ರಿಂಗ್ ರೋಡ್ ಆಚೆಯೇ ನೆಲೆಸಿದ್ದಾರೆ. ಅವರ ಮಾತನ್ನು ಕೇಳದೆ ಅವರ ಊರಿನ ಗಡಿ ಬರೆಯಬಾರದು.

ಜಿಲ್ಲಾ ಉಸ್ತುವಾರಿ ಸಚಿವರಿಗೆ, ಪ್ರಾಧಿಕಾರದ ಆಯುಕ್ತರಿಗೆ, ಪಾಲಿಕೆಯ ಆಯುಕ್ತರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇದು. ಪಾಲಿಕೆಗೆ ಸೇರಿಸಲಿರುವ ಪ್ರತಿ ಬಡಾವಣೆ, ಪ್ರತಿ ಹಳ್ಳಿಯ ಹೆಸರಿನ ಮುಂದೆ ಕೆಲವು ಉತ್ತರಗಳನ್ನು ಬರೆದು ಪ್ರಕಟಿಸಿ. ಕುಡಿಯುವ ನೀರು ಈಗ ಎಲ್ಲಿಂದ ಬರುತ್ತಿದೆ, ಮುಂದೆ ಎಲ್ಲಿಂದ ಮತ್ತು ಯಾವ ವರ್ಷ ಬರುತ್ತದೆ? ಒಳಚರಂಡಿ ಪೈಪು ಎಲ್ಲಿ ಕೊನೆಯಾಗುತ್ತದೆ? ಅದಕ್ಕೆ ಹೊಣೆ ಯಾರು? ಆ ಪಟ್ಟಿಯನ್ನು ಕನ್ನಡದಲ್ಲಿ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಂಟಿಸಿ. ಜನ ಓದಿ ನೋಡಲಿ, ತಪ್ಪಿದ್ದರೆ ಹೇಳಲಿ. ಅದಾದ ಮೇಲೆ ಗಡಿಯ ನಕ್ಷೆ ತನ್ನಿ.

ಇಂತಿ ನಿಮ್ಮ ಓದುಗ,
ರಿಂಗ್ ರೋಡ್ ಆಚೆಯ ನಿವಾಸಿ, ಮೈಸೂರು