ಕೊಟ್ಟ ಮಾತಿಗೆ ಆರು ತಿಂಗಳಾದರೂ ಬೆಲೆ ಇರಲಿ

ಮಾನ್ಯ ಸಂಪಾದಕರೇ,

ನಾನು ಗದುಗಿನ ಮುಳಗುಂದ ನಾಕಾ ಹತ್ತಿರ ಝೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು. ಹಳದಿ ಬೋರ್ಡು ಇಳಿಸಿ ಸಿಮ್ ಮಾರೋಕೆ ಶುರು ಮಾಡಿದಾಗಿನಿಂದ ಮೊಬೈಲ್ ಕಂಪನಿಗಳ ಏರಿಳಿತ ಎಲ್ಲವನ್ನೂ ಕೌಂಟರ್ ಈಚೆಯಿಂದ ನೋಡುತ್ತಾ ಬಂದಿದ್ದೇನೆ. ಇಳಿತಕ್ಕಿಂತ ಏರಿಕೆಯೇ ಜಾಸ್ತಿ ನೆನಪಿದೆ, ಯಾಕಂದ್ರೆ ಏರಿದಾಗಲೆಲ್ಲ ಬೈಗುಳ ತಿಂದವನು ನಾನು. "ಹೋದ ತಿಂಗಳ ಇಷ್ಟ ಇರಲಿಲ್ಲಲ್ಲೋ ತಮ್ಮಾ, ಉಳಿದದ್ದು ನೀನ ಇಟಗೊಂಡಿ ಏನು?" ಅಂತ ಕೇಳುವ ಅಜ್ಜಿಗೆ ಟ್ರಾಯ್, ಸ್ಪೆಕ್ಟ್ರಂ, 5ಜಿ ಅಂತ ಏನು ಹೇಳೋದು?

ದರ ಏರಿಸಲೇಬಾರದು ಅಂತ ಈ ಪತ್ರ ಬರೆಯುತ್ತಿಲ್ಲ. ದರ ಎಷ್ಟಿರಬೇಕು ಅನ್ನೋದನ್ನ ನಮ್ಮ ದೇಶದಲ್ಲಿ ಕಂಪನಿಗಳೇ ತೀರ್ಮಾನಿಸುತ್ತವೆ, ದೂರಸಂಪರ್ಕದ ನಿಯಂತ್ರಕ ಸಂಸ್ಥೆ ಟ್ರಾಯ್ ಅದನ್ನ ಅವಕ್ಕೇ ಬಿಟ್ಟಿದೆ. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ, ಹೀಗೆ ಮೂರು ಸಲ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. ಒಂದು ಏರಿಸಿದ ಕೂಡಲೇ ಉಳಿದವೂ ಏರಿಸಿದವು. ಅದರ ಬಗ್ಗೆ ಬೇರೆಯವರು ಬರೆದಿದ್ದಾರೆ. ನನ್ನ ತಕರಾರು ಒಂದೇ. ಹೊಸದಾಗಿ ಕೊಳ್ಳುವವನಿಗೆ ಹೊಸ ದರ ಹೇಳಿ, ಇಷ್ಟ ಇದ್ದರೆ ಕೊಳ್ಳುತ್ತಾನೆ. ಆದರೆ ಒಂದು ಮಾತಾಗಿ, ಪ್ಲಾನ್ ತಗೊಂಡು, ಅದು ನಡೆಯುತ್ತಿರುವಾಗಲೇ ನಡುವೆ ದರ ಬದಲಿಸೋದು ಯಾವ ನ್ಯಾಯ?

ನನಗೇ ಆದದ್ದು ಹೇಳುತ್ತೇನೆ. ಮಾರ್ಚ್‌ನಲ್ಲಿ ಅಂಗಡಿಯ ನಂಬರನ್ನೂ ಹುಬ್ಬಳ್ಳಿಯಲ್ಲಿ ಓದುವ ಮಗನ ನಂಬರನ್ನೂ ಸೇರಿಸಿ ಒಂದು ಪೋಸ್ಟ್‌ಪೇಯ್ಡ್ ಪ್ಲಾನ್ ತಗೊಂಡೆ. ಕಂಪನಿಯ ಹೆಸರು ಬೇಡ, ಎಲ್ಲವೂ ಅಷ್ಟೇ. ತಿಂಗಳ ಬಾಡಿಗೆ 649 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 765 ರೂಪಾಯಿ 82 ಪೈಸೆ. ಅಂಗಡಿಗೆ ಬಂದ ಮಾರಾಟದ ಹುಡುಗ, "ಅಣ್ಣಾ, ಒಂದು ವರ್ಷ ಇದ ರೇಟು, ಚಿಂತಿ ಬ್ಯಾಡ" ಅಂದ. ಬರೆದುಕೊಡು ಅಂದೆ. "ಆ್ಯಪ್‌ನ್ಯಾಗ ಎಲ್ಲಾ ಐತಿ" ಅಂದ. ಆ್ಯಪ್‌ನಲ್ಲಿ ಇದ್ದದ್ದು ಇಂಗ್ಲಿಷಿನ ಷರತ್ತುಗಳು. ಕೆಳಗೆ ಎಳೆದಷ್ಟೂ ಉದ್ದ. ಅದರೊಳಗೆ ಒಂದು ಸಾಲು: ಕಂಪನಿ ಯಾವಾಗ ಬೇಕಾದರೂ ದರ ಬದಲಿಸಬಹುದು.

ನಾಲ್ಕನೇ ತಿಂಗಳ ಬಿಲ್ಲಿನಲ್ಲಿ ಬಾಡಿಗೆ 749 ಆಗಿತ್ತು. ತೆರಿಗೆ ಸೇರಿ 883 ರೂಪಾಯಿ 82 ಪೈಸೆ. ಒಟ್ಟು 118 ಜಾಸ್ತಿ. ಬಿಲ್ಲಿಗೆ ಮೊದಲೇ ಒಂದು ಎಸ್ಸೆಮ್ಮೆಸ್ ಬಂದಿತ್ತಂತೆ. ಹುಡುಕಿದರೆ ಸಿಕ್ಕಿತು, ಅದೂ ಇಂಗ್ಲಿಷಿನಲ್ಲಿ. ಮೇಲೊಂದು ಸಾಲಕ್ಕೆ ಕರೆಯುವ ಜಾಹೀರಾತು, ಕೆಳಗೊಂದು ರಮ್ಮಿ ಆಟದ ಜಾಹೀರಾತು. ನಡುವೆ ಇದು: ನಿಮ್ಮ ಅನುಭವ ಇನ್ನೂ ಚೆನ್ನಾಗಿರಲಿ ಅಂತ ನಿಮ್ಮ ಪ್ಲಾನನ್ನು ಪರಿಷ್ಕರಿಸಲಾಗಿದೆ. 118 ರೂಪಾಯಿ ಜಾಸ್ತಿ ಕೊಟ್ಟರೆ ನನ್ನ ಅನುಭವ ಹೇಗೆ ಚೆನ್ನಾಗಿರುತ್ತೋ ಗೊತ್ತಾಗಲಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಒಳ್ಳೆಯವಳೇ, ಪಾಪ. "ಸರ್, ಇದು ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ ಆಗಿದೆ" ಅಂದಳು. ಎಲ್ಲರಿಗೂ ಆದ್ರೆ ಸರಿ ಆಗಿಬಿಡುತ್ತಾ? "ಬೇಕಾದರೆ ಕಡಿಮೆ ಪ್ಲಾನ್‌ಗೆ ಹೋಗಿ" ಅಂದಳು. ಕಡಿಮೆ ಪ್ಲಾನ್‌ನಲ್ಲಿ ಎರಡನೇ ನಂಬರ್ ಇಲ್ಲ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಯಾವುದೇ ಪ್ಲಾನ್‌ಗೆ ಸೇರಿದ ದಿನದಿಂದ ಆರು ತಿಂಗಳು ಅದರ ದರ ಏರಿಸುವಂತಿಲ್ಲ ಅಂತ ಟ್ರಾಯ್ ನಿಯಮವೇ ಇದೆ. ಆರು ತಿಂಗಳಿಗಿಂತ ಹೆಚ್ಚಿನ ವ್ಯಾಲಿಡಿಟಿಗೆ ಮೊದಲೇ ದುಡ್ಡು ಕಟ್ಟಿಸಿಕೊಂಡಿದ್ದರೆ ಆ ವ್ಯಾಲಿಡಿಟಿ ಮುಗಿಯೋ ತನಕ ಏರಿಸುವಂತಿಲ್ಲ. ಇದು ನಿನ್ನೆ ಮೊನ್ನೆಯ ನಿಯಮ ಅಲ್ಲ, ಬಹಳ ವರ್ಷದ್ದು. ಆ ಹುಡುಗಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಹಾಡು ಕೇಳಿಸಿ, ವಾಪಸ್ ಬಂದು, "ನಮ್ಮ ಸಿಸ್ಟಂನಲ್ಲಿ ಆ ಆಪ್ಷನ್ ಇಲ್ಲ ಸರ್" ಅಂದಳು.

ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ದೂರು ಕೊಟ್ಟು, ಡಾಕೆಟ್ ನಂಬರ್ ಅಂದರೆ ಆ ದೂರಿನ ಗುರುತಿನ ನಂಬರ್ ಬರೆದಿಟ್ಟುಕೊಂಡೆ. ಪರಿಹಾರ ಆಗಿದೆ ಅಂತ ಅವರೇ ಮೆಸೇಜ್ ಕಳಿಸಿ ದೂರು ಮುಚ್ಚಿದರು. ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದೆ. ಹೆಸರು ದೊಡ್ಡದು, ಕೋರ್ಟು ಅನ್ನಿಸುತ್ತೆ. ಆದರೆ ಅದನ್ನೂ ನೇಮಿಸೋದು ಅದೇ ಕಂಪನಿ. ಬ್ಯಾಂಕಿನ ಮೇಲೆ ದೂರಿದ್ದರೆ ಅದನ್ನ ಕೇಳೋಕೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅನ್ನೋ ಅಧಿಕಾರಿ ಇದ್ದಾರೆ. ಮೊಬೈಲಿಗೆ ಹಾಗೆ ಯಾರೂ ಇಲ್ಲ. ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರು ತಗೊಳ್ಳೋದಿಲ್ಲ, ಕಂಪನಿಗೇ ಹೋಗಿ ಅನ್ನುತ್ತದೆ.

ಕೊನೆಗೆ ಒಂದು ಬಿಲ್ಲಿನಲ್ಲಿ 354 ರೂಪಾಯಿ ವಜಾ ಆಗಿ ಬಂತು. ಮೂರು ತಿಂಗಳ 118. ಅಂದರೆ ಆರು ತಿಂಗಳ ಲೆಕ್ಕ ಅವರಿಗೂ ಸರಿಯಾಗಿ ಗೊತ್ತಿತ್ತು! ಆದರೆ ನಿಯಮ ಅಂತ ಒಂದು ಶಬ್ದ ಇಲ್ಲ, ಸೌಜನ್ಯಕ್ಕಾಗಿ ಕೊಟ್ಟ ರಿಯಾಯಿತಿ ಅಂತ ಬರೆದಿದ್ದರು. ನನ್ನ ದುಡ್ಡು ನನಗೆ ವಾಪಸ್ ಕೊಡೋದು ಅವರ ಸೌಜನ್ಯ. ಏಳನೇ ತಿಂಗಳಿಂದ 749 ನಡೆಯುತ್ತಿದೆ. ಆ ಹುಡುಗ ಹೇಳಿದ ಒಂದು ವರ್ಷದ ಮಾತು ಗಾಳಿಗೆ ಹೋಯಿತು. ಅವನೂ ಈಗ ಆ ಕೆಲಸದಲ್ಲಿ ಇಲ್ಲ.

ನನಗೆ 354 ರೂಪಾಯಿ ಬಂತು, ಯಾಕಂದ್ರೆ ಇದು ನನ್ನ ದಂಧೆ, ನಿಯಮ ಗೊತ್ತಿತ್ತು. ಹುಲಕೋಟಿಯ ಟ್ರ್ಯಾಕ್ಟರ್ ಡ್ರೈವರ್‌ಗೆ, ಬೆಟಗೇರಿಯ ನೇಕಾರರಿಗೆ ಯಾರು ಹೇಳುತ್ತಾರೆ? ಇದೇ ಜಗಳದ ಬಗ್ಗೆ ಅಂಗಡಿಯಲ್ಲಿ ಮಾತಾಡುವಾಗ ಬೆಟಗೇರಿಯ ಹಿರಿಯ ನೇಕಾರರೊಬ್ಬರು ನಕ್ಕರು. "ಮಗ್ಗಕ್ಕ ಹಾಸು ಹೂಡಿದ ಮ್ಯಾಲೆ ಕೂಲಿ ಇಳಿಸಿದಂಗ ಆತು ಬಿಡ್ರಿ. ಬಿಟ್ಟು ಹೋಗಾಕ ಬರಂಗಿಲ್ಲ, ನೇಯಾಕ ಮನಸ್ಸಿಲ್ಲ" ಅಂದರು.

ಬಿಟ್ಟು ಹೋಗೋಕೆ ಬರಲ್ಲ ಅನ್ನೋದೇ ದೊಡ್ಡ ಸಮಸ್ಯೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದ ತುಂಬ ಇದೆ. ಪೋರ್ಟ್ ಅಂತ ಬರೆದು ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ, ಅದನ್ನ ಹೊಸ ಕಂಪನಿಗೆ ಕೊಡಬೇಕು. ಆದರೆ ಪ್ರೀಪೇಯ್ಡ್‌ನವರು ಪೋರ್ಟ್ ಆದ ಕೂಡಲೇ ಹಳೆ ಕಂಪನಿಯಲ್ಲಿ ಉಳಿದ ಬ್ಯಾಲೆನ್ಸ್, ಉಳಿದ ವ್ಯಾಲಿಡಿಟಿ ಎಲ್ಲ ಹೋಗುತ್ತದೆ. ಅಸುಂಡಿಯ ರೈತರೊಬ್ಬರು ಉಳಿತಾಯ ಆಗಲಿ ಅಂತ ವರ್ಷದ ಪ್ಯಾಕ್ ಒಮ್ಮೆಲೇ ಹಾಕಿಸಿದ್ದರು. ಹೊಲದಲ್ಲಿ ಸಿಗ್ನಲ್ ಹೋಯಿತು, ಮತ್ತೆ ಬರಲೇ ಇಲ್ಲ. ಬದಲಿಸೋಣ ಅಂದರೆ ಉಳಿದ ತಿಂಗಳುಗಳ ದುಡ್ಡು ಕಂಪನಿಗೇ. ಅವರು ಬದಲಿಸಲಿಲ್ಲ. ಈಗಲೂ ಬಾವಿ ಕಟ್ಟೆ ಹತ್ತಿ ಮಾತಾಡುತ್ತಾರೆ. ನಾವು ನಡುವೆ ಬಿಟ್ಟರೆ ದಂಡ ಉಂಟು. ಅವರು ನಡುವೆ ಬದಲಿಸಿದರೆ ಏನೂ ಇಲ್ಲ. ಎರಡೂ ಕಡೆಯವರ ಒಪ್ಪಂದ ಅಂದ್ರೆ ಇದೇನಾ?

ಹಳೆಯ ಗಿರಾಕಿಗಳಿಗೆ ಲೈಫ್‌ಟೈಮ್ ಸಿಮ್ ನೆನಪಿರಬಹುದು. 2005ರ ಕೊನೆಗೆ ಶುರುವಾದ ಸುಗ್ಗಿ ಅದು. ಸಾವಿರ ರೂಪಾಯಿ ಹತ್ತಿರ ಹತ್ತಿರ ಒಂದು ಸಲ ಕಟ್ಟಿಬಿಟ್ಟರೆ ಜೀವನಪೂರ್ತಿ ಇನ್‌ಕಮಿಂಗ್. ಆಗಿನ ಸಾವಿರ ಅಂದರೆ ಸಣ್ಣ ದುಡ್ಡಲ್ಲ. ಜನ ಸಾಲಾಗಿ ನಿಂತು ತಗೊಂಡರು, ನಾನೇ ಎಷ್ಟೋ ಮಾರಿದೆ. ಯಾರ ಜೀವನ ಅಂತ ಮಾತ್ರ ಯಾರೂ ಕೇಳಲಿಲ್ಲ. ಕಂಪನಿಯ ಲೈಸೆನ್ಸ್ ಇರುವಷ್ಟು ಕಾಲ ಅಂತ ಅದರ ಅರ್ಥ ಆಗಿತ್ತು. 2018ರ ಕೊನೆಗೆ ದೊಡ್ಡ ಕಂಪನಿಗಳು ಪ್ರತಿ 28 ದಿನಕ್ಕೆ ಕಡಿಮೆ ಅಂದರೂ 35 ರೂಪಾಯಿ ಹಾಕಲೇಬೇಕು ಅಂದವು. ಹಾಕದಿದ್ದರೆ ಮೊದಲು ಔಟ್‌ಗೋಯಿಂಗ್, ಆಮೇಲೆ ಇನ್‌ಕಮಿಂಗ್ ಬಂದ್. ಬ್ಯಾಲೆನ್ಸ್ ಇದ್ದವರ ಸಿಮ್ ಕತ್ತರಿಸಬೇಡಿ ಅಂತ ಟ್ರಾಯ್ ಆಗ ಹೇಳಿತು. ಹೇಳಿದ್ದಷ್ಟೇ. ಆ 35 ಏರುತ್ತಾ ಏರುತ್ತಾ 2024ರ ಜುಲೈನಲ್ಲಿ 189, 199ಕ್ಕೆ ಬಂದು ನಿಂತಿತು. ಲೈಫ್‌ಟೈಮ್ ಸಿಮ್ ಕವರ್ ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ಒಬ್ಬ ನಿವೃತ್ತ ಮಾಸ್ತರು ಅದನ್ನ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಏನೂ ಬೈಯಲಿಲ್ಲ. 199 ರೂಪಾಯಿ ಎಣಿಸಿ ಕೊಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಆ 28 ದಿನದ ಲೆಕ್ಕವೂ ಒಂದು ಜಾಣತನವೇ. ತಿಂಗಳಿಗೊಮ್ಮೆ ಅಂದುಕೊಂಡು ಹಾಕಿಸುತ್ತೀರಿ, ವರ್ಷಕ್ಕೆ ಹದಿಮೂರು ಸಲ ಆಗುತ್ತದೆ. ಟ್ರಾಯ್ 2022ರಲ್ಲಿ 30 ದಿನದ ಪ್ಯಾಕ್ ಒಂದಾದರೂ ಇಡಬೇಕು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕೂ ಇಡಬೇಕು ಅಂತ ಆದೇಶ ಮಾಡಿತು. ಅವು ಇವೆ. ಆದರೆ ಆ್ಯಪ್‌ನಲ್ಲಿ ಹುಡುಕಿ ತೆಗೆಯಬೇಕು. ಹಾಗೇ 2024ರ ಡಿಸೆಂಬರ್ ಆದೇಶದ ಮೇಲೆ ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್‌ಗಳೂ ಬಂದವು. ಬಟನ್ ಫೋನಿನ ಅಜ್ಜ ಅಜ್ಜಿಯರಿಗೆ ಅವು ಸಾಕು. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ದಯವಿಟ್ಟು ಒಮ್ಮೆ ಕೇಳಿ ನೋಡಿ, ಅಂಗಡಿಯವರು ತಾವಾಗಿ ಹೇಳೋದು ಕಡಿಮೆ.

ಹೀಗೆ ಒಪ್ಪಂದದ ನಡುವೆ ದರ ಏರಿಸೋದು ನಮ್ಮಲ್ಲಿ ಮಾತ್ರ ಅಂತ ತಿಳಿದಿದ್ದೆ. ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಅಲ್ಲಿಯೂ ಇದೇ ಗೋಳು ಅಂದ. ಅಲ್ಲಿ ಎರಡು ವರ್ಷದ ಒಪ್ಪಂದ ಸಾಮಾನ್ಯ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಹಣದುಬ್ಬರದ ಜೊತೆ ಇನ್ನಷ್ಟು ಶೇಕಡಾ ಸೇರಿಸಿ ನಡುವೆಯೇ ಏರಿಸುತ್ತಿದ್ದರು. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಇದನ್ನ ನಿಲ್ಲಿಸಿತು. 2025ರ ಜನವರಿ 17ರಿಂದ ಮಾಡುವ ಹೊಸ ಒಪ್ಪಂದಗಳಲ್ಲಿ, ಏರಿಕೆ ಇದ್ದರೆ ಯಾವಾಗ, ಎಷ್ಟು ಪೌಂಡು ಎಷ್ಟು ಪೆನ್ಸ್ ಅಂತ ಸಹಿ ಮಾಡುವ ಮೊದಲೇ ಬರೆದು ತೋರಿಸಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಓ2 ಅನ್ನೋ ಕಂಪನಿ, ತಿಂಗಳಿಗೆ 1.80 ಪೌಂಡ್ ಏರಿಸುತ್ತೇವೆ ಅಂದಿದ್ದನ್ನ 2.50 ಮಾಡಿತು. ಅಲ್ಲಿಯೂ ಜಾಣರಿದ್ದಾರೆ ನೋಡಿ. ಆದರೆ ಹಾಗೆ ಮಾಡಿದ್ದಕ್ಕೆ ಗ್ರಾಹಕರಿಗೆ 30 ದಿನದೊಳಗೆ ದಂಡ ಇಲ್ಲದೆ ಬಿಟ್ಟು ಹೋಗುವ ಹಕ್ಕು ಸಿಕ್ಕಿತು. ನನಗೆ ಇಷ್ಟವಾದದ್ದು ಇದು. ದರ ಬದಲಿಸಿದಿರಾ, ಬಾಗಿಲು ತೆಗೆಯಿರಿ.

ನಮ್ಮಲ್ಲೂ ಇಷ್ಟು ಆಗಲಿ. ನಡುವೆ ಪ್ಲಾನ್ ಬದಲಿಸಿದರೆ ಗ್ರಾಹಕ ದಂಡ ಇಲ್ಲದೆ ಹೋಗಬಹುದು, ಮುಂಗಡ ಕಟ್ಟಿದ ದುಡ್ಡಿನಲ್ಲಿ ಉಳಿದ ದಿನಗಳ ಪಾಲು ವಾಪಸ್ ಬರಬೇಕು. ಬದಲಾವಣೆಯ ಮೆಸೇಜ್ ಕನ್ನಡದಲ್ಲಿ ಇರಬೇಕು, ಹಳೆ ದರ ಎಷ್ಟು, ಹೊಸದು ಎಷ್ಟು, ಯಾವ ತಾರೀಖಿನಿಂದ ಅಂತ ಮೂರೇ ಸಾಲು. ಆರು ತಿಂಗಳ ನಿಯಮವನ್ನ ಬಿಲ್ಲಿನ ಮೇಲೆಯೇ ಅಚ್ಚು ಹಾಕಲಿ. ಪ್ಲಾನ್ ಮಾರುವ ಹುಡುಗ ಏನು ಹೇಳಿದನೋ ಅದನ್ನ ಕಂಪನಿ ಬರೆದುಕೊಡಲಿ. ಕಮಿಷನ್ ಸಲುವಾಗಿ ಆ ಹುಡುಗರು ಬಾಯಿಗೆ ಬಂದಂತೆ ಹೇಳುತ್ತಾರೆ, ಕಂಪನಿಗೆ ಅದು ಗೊತ್ತಿಲ್ಲದೆ ಏನಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಮೊದಲು 198, ಡಾಕೆಟ್ ನಂಬರ್ ಇಲ್ಲದೆ ಫೋನ್ ಇಡಬೇಡಿ. ಆಮೇಲೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೊಬೈಲ್ ದೂರು ಗ್ರಾಹಕರ ಆಯೋಗಕ್ಕೆ ಬರೋದಿಲ್ಲ ಅಂತ ಹಿಂದೆ ಕಂಪನಿಗಳು ವಾದ ಮಾಡುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಬರುತ್ತದೆ ಅಂತ ಹೇಳಿದೆ. ನಮ್ಮ ಗದಗ ಜಿಲ್ಲೆಗೂ ಆಯೋಗ ಇದೆ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವೂ ಇಲ್ಲ. ನೂರಿನ್ನೂರು ರೂಪಾಯಿಗೆ ಯಾರು ಅಲ್ಲಿ ತನಕ ಹೋಗುತ್ತಾರೆ ಅನ್ನೋದೇ ಅವರ ಧೈರ್ಯ. ನನ್ನೊಬ್ಬನಿಗೆ ತಿಂಗಳಿಗೆ 118. ಊರಿಗೆ ಎಷ್ಟಾಯಿತು, ರಾಜ್ಯಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ.

ಕಂಪನಿಯವರೂ ಈ ಪತ್ರಿಕೆ ಓದುತ್ತಾರೆ ಅಂತ ನಂಬಿದ್ದೇನೆ. ನಾಲ್ಕನೇ ತಿಂಗಳಿಗೆ ದರ ಏರಿಸಿದ್ದು ನಿಯಮದ ಪ್ರಕಾರ ಸರಿಯಾಗಿದ್ದರೆ ನನಗೆ 354 ರೂಪಾಯಿ ಯಾಕೆ ವಾಪಸ್ ಕೊಟ್ಟರು? ತಪ್ಪಾಗಿದ್ದರೆ, ನನ್ನ ಹಾಗೆ ಮಾರ್ಚ್‌ನಲ್ಲಿ ಸೇರಿ ದೂರು ಕೊಡದೆ ಸುಮ್ಮನಿದ್ದವರಿಗೆ ಯಾವಾಗ ಕೊಡುತ್ತಾರೆ? ಇದೇ ವಾಚಕರ ವಾಣಿಯಲ್ಲಿ ಉತ್ತರ ಬರೆಯಲಿ.

ಇಂತಿ ನಿಮ್ಮ ಓದುಗ,
ರೀಚಾರ್ಜ್ ಅಂಗಡಿಯವ, ಮುಳಗುಂದ ನಾಕಾ, ಗದಗ