ಫಾರ್ಮ್ಯಾಟ್ ಮಾತ್ರ ಮಾಡಬೇಡ

ಪ್ರೀತಿಯ ಪುಟ್ಟಿ,

ಮನೆಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಹಾಕಿದ ಮೇಲೆ ಪರದೆ ಕಪ್ಪಗಿದೆ ಅಂತ ಬರೆದ ನಿನ್ನ ಮೇಲ್ ಓದಿದೆ, ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಬೇರೆಲ್ಲಕ್ಕಿಂತ ಮೊದಲು ಒಂದು ಮಾತು. ಫಾರ್ಮ್ಯಾಟ್ ಮಾಡಬೇಡ. ಯಾರು ಹೇಳಿದರೂ ಮಾಡಬೇಡ. "ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲೇಬೇಕು" ಅಂತ ಅಪ್ಪನಿಗೆ ಹೇಳಿದವರು ಆ ಪೆಟ್ಟಿಗೆಯನ್ನು ಕಣ್ಣಿಂದ ನೋಡಿಯೂ ಇಲ್ಲ ಅಲ್ವಾ? ಪರದೆಯೇ ಕಪ್ಪಗಿರುವಾಗ ತೊಂದರೆ ವಿಂಡೋಸಿನದು ಅಂತ ಅವರಿಗೆ ಹೇಗೆ ಗೊತ್ತಾಯಿತು? ಅಪ್ಪನ ಲೆಕ್ಕಪತ್ರ, ಅಮ್ಮ ಕೂತು ಸ್ಕ್ಯಾನ್ ಮಾಡಿಟ್ಟ ಹಳೆಯ ಫೋಟೋಗಳು, ಎಲ್ಲ ಆ ಡಿಸ್ಕಿನಲ್ಲೇ ಇವೆ. ಬೋರ್ಡ್ ಬದಲಾದ ಮಾತ್ರಕ್ಕೆ ಅದರಲ್ಲಿರುವ ಒಂದಕ್ಷರವೂ ಅಳಿಸಿಹೋಗುವುದಿಲ್ಲ.

ಅಪ್ಪ ಫೋನಿನಲ್ಲಿ "ಆನೇ ಆಗ್ತಿಲ್ಲ" ಎಂದರು. ನೀನು "ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ" ಎಂದು ಬರೆದಿದ್ದೀಯ. ನೀನು ಹೇಳಿದ್ದು ಕೆಲಸಕ್ಕೆ ಬರುವ ಮಾತು. ಬಟನ್ ಒತ್ತಿದ ಕೂಡಲೇ ಬೋರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಚಿತ್ರ ತೋರಿಸಲು ಏನಾದರೂ ಇದೆಯಾ ಅಂತ ನೋಡುತ್ತದೆ. ಇದನ್ನು ಪೋಸ್ಟ್ ಅನ್ನುತ್ತಾರೆ. ಅದರಲ್ಲಿ ಪಾಸಾದ ಮೇಲೆಯೇ ಡಿಸ್ಕಿನ ಕಡೆ ತಿರುಗಿ ವಿಂಡೋಸನ್ನು ಹುಡುಕುವುದು. ನಿಮ್ಮ ಕಂಪ್ಯೂಟರ್ ಈಗ ಪೋಸ್ಟ್‌ನಲ್ಲೇ ನಿಂತಿದೆ. ಡಿಸ್ಕಿನ ಸರದಿ ಇನ್ನೂ ಬಂದೇ ಇಲ್ಲ.

ಹಾಗಾಗಿ ಇವತ್ತೇ ಡಿಸ್ಕಿನ ಎರಡೂ ಕೇಬಲ್ ಕಿತ್ತು ಪಕ್ಕಕ್ಕಿಡು. ಡಿಸ್ಕ್ ಇಲ್ಲದೆಯೂ ಬಯೋಸ್ ಪರದೆ (ಬೋರ್ಡಿನೊಳಗೇ ಇರುವ ಪುಟ್ಟ ಪ್ರೋಗ್ರಾಂನದು) ಬರಬೇಕು. ಬರಲಿಲ್ಲ ಅಂದರೆ ತೊಂದರೆ ಬೋರ್ಡ್ ಸುತ್ತಮುತ್ತಲೇ ಇದೆ. ಇನ್ನೊಂದು ಲಾಭವೂ ಇದೆ. ಡಿಸ್ಕ್ ಬೀರುವಿನಲ್ಲಿದ್ದರೆ ಯಾರೂ ಸುಮ್ನೆ ಉತ್ಸಾಹದಲ್ಲಿ ಫಾರ್ಮ್ಯಾಟ್ ಒತ್ತಿಬಿಡಲು ಆಗುವುದಿಲ್ಲ.

ಈಗ ಫೋಟೋ ವಿಷಯ. ಎರಡನೆಯ ಫೋಟೋದಲ್ಲಿ ಬೋರ್ಡಿನ ಮೇಲಿನ ಎಡ ಮೂಲೆ ನೋಡು. ಪ್ರೊಸೆಸರ್ ಪಕ್ಕ, ಕೂಲರಿನ ನೆರಳು ಬಿದ್ದಿರುವ ಜಾಗ. ಅಲ್ಲಿ 8 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ನನ್ನ ಕಣ್ಣಿಗೆ ಅದು ಖಾಲಿ ಕಾಣುತ್ತಿದೆ. 24 ಪಿನ್ನಿನ ದೊಡ್ಡ ಕೇಬಲ್ ಹಾಕಿದರೆ ಬೋರ್ಡಿಗೆ ಕರೆಂಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ. ಆದರೆ ಪ್ರೊಸೆಸರ್ ಊಟ ಮಾಡುವುದು ಈ ಮೂಲೆಯ ಸಾಕೆಟ್‌ನಿಂದ. ಅದು ಖಾಲಿ ಇದ್ದರೆ ನೀನು ಬರೆದ ಲಕ್ಷಣವೇ ಕಾಣುವುದು: ಸದ್ದು ಇದೆ, ಚಿತ್ರ ಇಲ್ಲ.

ನಮ್ಮ ಹಳೆಯ ಪವರ್ ಸಪ್ಲೈಯಲ್ಲಿ ಇದಕ್ಕೆ 4 ಪಿನ್ನಿನ ಕೇಬಲ್ ಮಾತ್ರ ಇರಬಹುದು. ಅದು 8ರ ಸಾಕೆಟ್‌ನ ಅರ್ಧಕ್ಕೆ ಕೂರುತ್ತದೆ. ಸಾಧಾರಣ ಪ್ರೊಸೆಸರ್ ಆದರೆ ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ. ಆಮೇಲೆ ಒಳ್ಳೆಯ ಸಪ್ಲೈ ತಗೊಳ್ಳುವುದೇ ಸರಿ. ಆದರೆ ಹುಷಾರು. ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಕೇಬಲ್ ಕೂಡ 8 ಪಿನ್ನಿನದೇ. ನೋಡಲು ಹಾಗೇ ಇದ್ದರೂ ಒಳಗಿನ ವೈರುಗಳ ಜೋಡಣೆ ಬೇರೆ. ಪ್ರೊಸೆಸರಿನದು 4 ಮತ್ತು 4 ಆಗಿ ಒಡೆಯುತ್ತದೆ, ಕಾರ್ಡಿನದು 6 ಮತ್ತು 2 ಆಗಿ. ಬಲವಂತ ಮಾಡಬೇಕಾಯಿತು ಅಂದರೆ ಅದು ತಪ್ಪು ಕೇಬಲ್ ಅಂತಲೇ ಅರ್ಥ. ಹಾಗೆಯೇ ಬೇರೆ ಸಪ್ಲೈಯ ಬಿಚ್ಚುವ ಕೇಬಲ್‌ಗಳನ್ನು ಇದಕ್ಕೆ ಹಾಕಬೇಡ. ತುದಿ ಕೂತರೂ ಪಿನ್‌ಗಳ ಕ್ರಮ ಬೇರೆ ಇರಬಹುದು. ಡಿಸ್ಕ್ ನಿಜವಾಗಿ ಸುಟ್ಟುಹೋಗುವುದು ಹೀಗೆ. ಯಾವ ಕೇಬಲ್ ಮುಟ್ಟುವ ಮುಂಚೆಯೂ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿ. ಒಳಗೆ ಉಳಿದ ಕರೆಂಟ್ ಇಳಿಯಲಿ.

ಮಾನಿಟರ್ ಕೇಬಲ್ ಎಲ್ಲಿ ಹಾಕಿದ್ದೀಯ? ಪ್ರೊಸೆಸರ್ ಡಬ್ಬಿಯ ಮೇಲೆ ಹೆಸರು ನೋಡು. ಇಂಟೆಲ್‌ನಲ್ಲಿ ಸಂಖ್ಯೆಯ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಆಗ ಬೋರ್ಡಿನ ಎಚ್‌ಡಿಎಂಐಗೆ ಹಾಕಿದ ಕೇಬಲ್‌ನಲ್ಲಿ ಎಷ್ಟು ಕಾದರೂ ಚಿತ್ರ ಬರುವುದಿಲ್ಲ. ಫೋಟೋದಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಮೇಜಿನ ಮೇಲೆ ಮಲಗಿದೆ. ಎಫ್ ಇದ್ದರೆ ಅದನ್ನು ಹಾಕಿ, ಕೇಬಲ್ ಅದಕ್ಕೇ ಕೊಡು. ಎಫ್ ಇಲ್ಲದಿದ್ದರೆ ಕಾರ್ಡ್ ಸದ್ಯಕ್ಕೆ ಮೇಜಿನ ಮೇಲೇ ಇರಲಿ. ತೀರಾ ಹಳೆಯ ಕಾರ್ಡ್‌ಗಳಲ್ಲಿ ಯುಇಎಫ್‌ಐಗೆ (ಬಯೋಸ್‌ನ ಹೊಸ ರೂಪ) ಬೇಕಾದ ಭಾಗ ಇರುವುದಿಲ್ಲ. ಅವು ಕೆಲವು ಹೊಸ ಬೋರ್ಡ್‌ಗಳಲ್ಲಿ ಪರದೆಯನ್ನೇ ತೋರಿಸದೆ ಸತಾಯಿಸುತ್ತವೆ.

ರ‍್ಯಾಮ್ ಎರಡೂ ಕಡ್ಡಿಗಳನ್ನು ಪ್ರೊಸೆಸರ್‌ಗೆ ಹತ್ತಿರದ ಎರಡು ಸ್ಲಾಟ್‌ಗಳಲ್ಲಿ ಹಾಕಿದ್ದೀಯ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು ಮೊದಲು ತುಂಬಬೇಕು. ಮ್ಯಾನ್ಯುಯಲ್‌ನಲ್ಲಿ ಎ2, ಬಿ2 ಅಂತ ಬರೆದಿರುತ್ತದೆ. ಸದ್ಯಕ್ಕೆ ಒಂದೇ ಕಡ್ಡಿ ಸಾಕು, ಎ2ರಲ್ಲಿ. ಕೊಂಡಿ ಟಕ್ ಅನ್ನುವವರೆಗೆ ಒತ್ತು. ಬೋರ್ಡ್ ಸ್ವಲ್ಪ ಬಾಗಿದಂತೆ ಕಂಡು ಭಯವಾಗುತ್ತದೆ, ಪರವಾಗಿಲ್ಲ. ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಆದರೆ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಅದರ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಅಪ್ಪನಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ತಾಳ್ಮೆ ಇಲ್ಲ ಅಂತ ನನಗೆ ಗೊತ್ತು. ಬಟನ್ ಅವರ ಕೈಗೆ ಕೊಡಬೇಡ. ಹತ್ತು ನಿಮಿಷ ಬಿಟ್ಟು ನೋಡು.

ಇಷ್ಟಾದರೂ ಚಿತ್ರ ಬರಲಿಲ್ಲ ಅಂದರೆ ಬೋರ್ಡಿನ ಅಂಚಿನಲ್ಲಿ, 24 ಪಿನ್ನಿನ ಕೇಬಲ್ ಹತ್ತಿರ, ನಾಲ್ಕು ಪುಟ್ಟ ದೀಪ ಇವೆಯಾ ಹುಡುಕು. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಸಣ್ಣ ಅಕ್ಷರ ಇರುತ್ತದೆ. ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡಿಸ್ಕ್ ಅಂತ ಅರ್ಥ. ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ, ಈಗಿನ ಹೆಚ್ಚಿನವುಗಳಲ್ಲಿ ಇದೆ. ಪೋಸ್ಟ್ ನಡೆಯುವಾಗ ಅವು ಒಂದಾದ ಮೇಲೆ ಒಂದು ಹತ್ತಿ ಆರುತ್ತವೆ. ಯಾವುದು ಆರದೆ ಹಾಗೇ ಉಳಿಯಿತೋ ಕೆಲಸ ನಿಂತಿದ್ದು ಅಲ್ಲೇ. ನನಗೆ ಬರೆಯುವಾಗ ಆ ಒಂದು ದೀಪದ ಹೆಸರು ಬರೆದರೆ ಹತ್ತು ಫೋಟೋ ಕಳಿಸಿದ್ದಕ್ಕಿಂತ ಮೇಲು. ಡಿಸ್ಕ್ ಕಿತ್ತಿರುವುದರಿಂದ ಬೂಟ್ ದೀಪ ಉಳಿದರೆ ಗಾಬರಿ ಬೇಡ, ಅದು ಒಳ್ಳೆಯ ಸುದ್ದಿ.

ಸಿಪಿಯು ದೀಪವೇ ಉಳಿದುಕೊಂಡರೆ ನನಗೆ ಒಂದು ಅನುಮಾನ ಇದೆ. ನೀನು ಬರೆದ ಪ್ರಕಾರ ಬೋರ್ಡ್ 600 ಸರಣಿಯದು, ಪ್ರೊಸೆಸರ್ 13ನೇ ತಲೆಮಾರಿನದು. ಸಾಕೆಟ್ ಒಂದೇ, 1700 ಪಿನ್ನಿನದು, ಕೂರುತ್ತದೆ. ಆದರೆ ಆ ಸರಣಿಯ ಬೋರ್ಡ್‌ಗಳು 2021ರ ಕೊನೆಗೆ 12ನೇ ತಲೆಮಾರಿನ ಜೊತೆ ಬಂದವು. 13ನೆಯದು ಬಂದಿದ್ದು 2022ರಲ್ಲಿ. ಬೋರ್ಡ್ ಅಂಗಡಿಯ ಗೋದಾಮಿನಲ್ಲಿ ಹಳೆಯ ಬಯೋಸ್ ಇಟ್ಟುಕೊಂಡೇ ಕೂತಿದ್ದರೆ ಅದಕ್ಕೆ ಈ ಪ್ರೊಸೆಸರ್ ಯಾರು ಅಂತಲೇ ಗೊತ್ತಾಗುವುದಿಲ್ಲ. ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುವ ಬಟನ್ ಇದ್ದರೆ ಪರದೆ ಇಲ್ಲದೆಯೇ ಹೊಸ ಬಯೋಸ್ ಹಾಕಬಹುದು. ತಯಾರಕರ ಸೈಟಿನಿಂದ ಫೈಲ್ ಇಳಿಸಿ, ಫ್ಯಾಟ್32 ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಮ್ಯಾನ್ಯುಯಲ್ ಹೇಳಿದ ಹೆಸರನ್ನೇ ಕೊಟ್ಟು, ಅದು ಹೇಳಿದ ಪೋರ್ಟ್‌ಗೇ ಚುಚ್ಚಬೇಕು. ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಮೇಲೆ ಇಟ್ಟುಕೊಂಡೇ ಮಾಡು.

ಕೊನೆಗೆ ಉಳಿಯುವುದು ಕ್ಯಾಬಿನೆಟ್. ಅದು ಹಳೆಯ ಬೋರ್ಡಿನ ಅಳತೆಗೆ ಹಾಕಿದ್ದು. ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಕಾಲುಗಳಲ್ಲಿ ಒಂದು ಹೊಸ ಬೋರ್ಡಿನ ತೂತು ಇಲ್ಲದ ಕಡೆ ಉಳಿದಿದ್ದರೆ ಹಿಂಬದಿಗೆ ತಾಗಿ ಶಾರ್ಟ್ ಆಗುತ್ತದೆ. ಬೋರ್ಡನ್ನು ಹೊರಗೆ ತೆಗೆದು ಅದರದೇ ರಟ್ಟಿನ ಡಬ್ಬಿಯ ಮೇಲೆ ಇಟ್ಟು ಪರೀಕ್ಷೆ ಮಾಡು. ಬೆಳ್ಳಿ ಬಣ್ಣದ ಕವರಿನ ಮೇಲೆ ಇಡಬೇಡ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎರಡು ಪವರ್ ಕೇಬಲ್, ಎಫ್ ಪ್ರೊಸೆಸರ್ ಆದರೆ ಗ್ರಾಫಿಕ್ಸ್ ಕಾರ್ಡ್, ಅಷ್ಟೇ. ಆನ್ ಮಾಡಲು ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಯಾವ ಎರಡು ಅಂತ ಮ್ಯಾನ್ಯುಯಲ್ ನೋಡಿಕೋ. ಕ್ಯಾಬಿನೆಟ್ ಹೊರಗೆ ಚಿತ್ರ ಬಂದು ಒಳಗೆ ಬರದಿದ್ದರೆ ಕಳ್ಳ ಸಿಕ್ಕ.

ಬಯೋಸ್ ಪರದೆ ಬಂತು ಅಂದುಕೊಳ್ಳೋಣ. ನೀನು ಖುಷಿಯಿಂದ ಡಿಸ್ಕ್ ಜೋಡಿಸುತ್ತೀಯ. ಆಗ "ಬೂಟ್ ಮಾಡುವ ಡಿಸ್ಕ್ ಸಿಗಲಿಲ್ಲ" ಅನ್ನುವ ಸಂದೇಶ ಬರುತ್ತದೆ. ಬರುತ್ತದೆ ಅಂತ ನಾನು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ. ಫಾರ್ಮ್ಯಾಟ್ ಮಾಡಿ ಅನ್ನುವವರು ಮತ್ತೆ ಬಾಯಿ ತೆರೆಯುವುದು ಆಗಲೇ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಆ ಕಂಪ್ಯೂಟರಿಗೆ ಮೊದಲು ಹಾಕಿದ್ದು ವಿಂಡೋಸ್ 7. ಅದರ ಮೇಲೆಯೇ 10 ಏರಿಸಿದ್ದು. ಆ ಕಾಲದ ಬೋರ್ಡ್ ಹಳೆಯ ರೀತಿಯ ಬಯೋಸ್‌ನಲ್ಲಿ ಬೂಟ್ ಆಗುತ್ತಿತ್ತು, ಡಿಸ್ಕ್ ಎಂಬಿಆರ್ ಅನ್ನುವ ಹಳೆಯ ಪದ್ಧತಿಯಲ್ಲಿ ಭಾಗವಾಗಿದೆ. ಹೊಸ ಬೋರ್ಡ್ ಕೇಳುವುದು ಯುಇಎಫ್‌ಐ, ಅದಕ್ಕೆ ತಕ್ಕ ಜಿಪಿಟಿ ಅನ್ನುವ ಹೊಸ ಪದ್ಧತಿಯ ಡಿಸ್ಕ್. ಹಳೆಯದನ್ನೂ ಒಪ್ಪಿಕೊಳ್ಳಲು ಸಿಎಸ್ಎಂ ಅನ್ನುವ ಆಯ್ಕೆ ಇರುತ್ತಿತ್ತು. ಇಂಟೆಲ್‌ನ 500 ಸರಣಿಯಿಂದ ಈಚೆಗೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ನಂಬಿಕೊಂಡರೆ ಆ ಆಯ್ಕೆ ಕೆಲಸ ಮಾಡುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮಾತ್ರ ಸಿಗುತ್ತದೆ, ಅದೂ ಬೋರ್ಡಿನಲ್ಲಿ ಕೊಟ್ಟಿದ್ದರೆ. ಅಂದರೆ ವಿಂಡೋಸ್ ಅಲ್ಲೇ ಇದೆ, ಚೆನ್ನಾಗಿಯೇ ಇದೆ, ಬೋರ್ಡಿಗೆ ಅದನ್ನು ಎಬ್ಬಿಸುವ ದಾರಿ ಗೊತ್ತಿಲ್ಲ ಅಷ್ಟೇ.

ದಾರಿ ಇದೆ. ಆದರೆ ಅದಕ್ಕೂ ಮೊದಲು ಕಾಪಿ. ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಹಾಕಿ ನಿನ್ನ ಲ್ಯಾಪ್‌ಟಾಪ್‌ಗೆ ಜೋಡಿಸು. "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ" ಅಂತ ಕೇಳಿದರೆ ಬೇಡ ಅನ್ನು. ಅಪ್ಪನ ಫೋಲ್ಡರ್, ಅಮ್ಮನ ಫೋಟೋಗಳು, ಡೆಸ್ಕ್‌ಟಾಪ್ ಮೇಲೆ ಚೆಲ್ಲಾಡಿರುವುದೆಲ್ಲ ಇನ್ನೊಂದು ಡಿಸ್ಕಿಗೆ ಹೋಗಲಿ. ಎರಡು ಮೂರು ಫೋಟೋ ತೆರೆದು ನೋಡು, ನಿಜವಾಗಿ ಬಂದಿವೆಯಾ ಅಂತ. ಇದಾದ ಮೇಲೆ ಏನು ಕೆಟ್ಟರೂ ಕೆಟ್ಟಿದ್ದು ವಿಂಡೋಸ್ ಮಾತ್ರ.

ಆಮೇಲೆ ವಿಂಡೋಸ್ 10ರ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಕಿಟಕಿ ಬರುತ್ತದೆ. ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸುವ ಉಪಕರಣವನ್ನು ಮೈಕ್ರೋಸಾಫ್ಟ್ ತಾನೇ ಕೊಟ್ಟಿದೆ, ವಿಂಡೋಸ್ 10ರ 1703ನೇ ಆವೃತ್ತಿಯಿಂದ. ಫೈಲ್‌ಗಳನ್ನು ಮುಟ್ಟದೆ ಡಿಸ್ಕಿನ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಮೊದಲು ಪರೀಕ್ಷೆ ಮಾತ್ರ ಮಾಡುವ ಆಯ್ಕೆ ಇದೆ, ಅದರಿಂದ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಒಂದು ತೊಡಕು ಬರಬಹುದು. ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಅನ್ನುವ ಭಾಗ ಇದ್ದರೆ ಆ ಉಪಕರಣ ಒಪ್ಪುವುದಿಲ್ಲ. ಆ ಕಾಲದಲ್ಲಿ ಒಂದೇ ಡಿಸ್ಕನ್ನು ಡಿ, ಇ ಅಂತೆಲ್ಲ ಹಂಚಿ ಕೊಡುತ್ತಿದ್ದರಲ್ಲ, ನಮ್ಮದರಲ್ಲೂ ಇರಬಹುದು. ಹಾಗಾದರೆ ಪರೀಕ್ಷೆಯಲ್ಲೇ ನಿಲ್ಲುತ್ತದೆ, ನಾವೂ ಅಲ್ಲೇ ನಿಲ್ಲೋಣ. ಈ ಕಮಾಂಡ್‌ಗಳನ್ನು ನೀನೊಬ್ಬಳೇ ಟೈಪ್ ಮಾಡಬೇಡ. ನಿನಗೆ ಭಾನುವಾರ ಬೆಳಿಗ್ಗೆ ಆದರೆ ನಾನು ಶನಿವಾರ ರಾತ್ರಿ ಎಚ್ಚರವಾಗಿರುತ್ತೇನೆ, ವಿಡಿಯೋದಲ್ಲಿ ಕೂತು ಒಟ್ಟಿಗೆ ಮಾಡೋಣ.

ವಿಂಡೋಸ್ ಎದ್ದರೆ ಮೊದಲ ಸಲ ತುಂಬಾ ಹೊತ್ತು ಸಾಧನಗಳನ್ನು ಸಿದ್ಧ ಮಾಡುತ್ತಾ ಕೂರುತ್ತದೆ. ಕೂರಲಿ. ನೀಲಿ ಪರದೆ ಬಂದು ಬೂಟ್ ಡಿವೈಸ್ ಸಿಗುತ್ತಿಲ್ಲ ಅಂದರೆ ಡಿಸ್ಕ್ ಓದುವ ಡ್ರೈವರ್ ಹೊಂದಿಕೊಂಡಿಲ್ಲ ಎಂದು ಅರ್ಥ. ಒಮ್ಮೆ, ತೀರಾ ಬೇಕಾದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಬಂದರೆ ಎಷ್ಟೋ ಸಲ ಅದೇ ಸರಿಹೋಗುತ್ತದೆ. ವಿಂಡೋಸ್ ಲೈಸೆನ್ಸ್ ಸಕ್ರಿಯವಾಗಿಲ್ಲ ಅಂತ ಮೂಲೆಯಲ್ಲಿ ಬರೆದುಕೊಳ್ಳಬಹುದು, ಲೈಸೆನ್ಸ್ ಹಳೆಯ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದರಿಂದ ಕೆಲಸವೇನೂ ನಿಲ್ಲುವುದಿಲ್ಲ.

ಹೇಗೂ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿದೆ. ಹೊಸ ಬೋರ್ಡ್ 11ಕ್ಕೆ ತಕ್ಕದ್ದೇ. ಕಾಪಿ ಕೈಯಲ್ಲಿದ್ದರೆ ಇನ್ನೊಂದು ಹೊಸ ಎಸ್‌ಎಸ್‌ಡಿ ತಂದು ಅದರಲ್ಲಿ 11 ಹಾಕೋಣ, ಹಳೆಯ ಡಿಸ್ಕ್ ಹಾಗೇ ಇರಲಿ. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಆದರೆ ಅಪ್ಪನಿಗೆ ಅವರ ಹಳೆಯ ಲೆಕ್ಕದ ಪ್ರೋಗ್ರಾಂ ಮೊದಲು ಇದ್ದ ಜಾಗದಲ್ಲೇ ಕಾಣಬೇಕು, ಅದನ್ನು ಮತ್ತೆ ಹಾಕುವ ಸಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಮೊದಲು ಹಳೆಯ ವಿಂಡೋಸನ್ನೇ ಎಬ್ಬಿಸಿ ನೋಡೋಣ ಅಂತ ಇಷ್ಟೆಲ್ಲ ಬರೆದೆ.

ಸಿಡಿ ಎಲ್ಲಿದೆ ಅಂತ ಅಮ್ಮನನ್ನು ಒಮ್ಮೆ ಕೇಳು, ಅವಳು ಎಲ್ಲವನ್ನೂ ಎತ್ತಿಟ್ಟಿರುತ್ತಾಳೆ. ಮೂಲೆಯ ಸಾಕೆಟ್ ಖಾಲಿ ಇತ್ತಾ ಇಲ್ಲವಾ ಅಂತ ಇವತ್ತೇ ನೋಡಿ ಬರೆ.

ನಿನ್ನ ಅಕ್ಕ